ರಾಯಚೂರು ಜಿಲ್ಲೆಯಲ್ಲಿ ಹವಾನಿಯಂತ್ರಣ

ಹವಾನಿಯಂತ್ರಣ ಎಂದರೆ ಮುಚ್ಚಿದ ಸ್ಥಳವೊಂದರ ಗಾಳಿಯ ಉಷ್ಣತೆ, ತೇವಾಂಶ, ಚಲನೆ ಮತ್ತು ಶುದ್ಧತೆಯನ್ನು ಬೇಕಾದ ಮಟ್ಟದಲ್ಲಿ ಕಾಯ್ದುಕೊಳ್ಳುವ ವ್ಯವಸ್ಥೆ. ಈ ಕೆಲಸ ಮಾಡುವ ಯಂತ್ರವೇ ಹವಾನಿಯಂತ್ರಕ. ಆಡುಮಾತಿನಲ್ಲಿ ಅದು ‘ಎ.ಸಿ.’ ಎಂದೇ ಪರಿಚಿತ. ಹವಾನಿಯಂತ್ರಕವು ತಂಪನ್ನು ಉತ್ಪಾದಿಸುವುದಿಲ್ಲ. ಕೋಣೆಯೊಳಗಿನ ಉಷ್ಣವನ್ನು ವಿದ್ಯುತ್ತಿನ ನೆರವಿನಿಂದ ಹೊರಕ್ಕೆ ಸಾಗಿಸುತ್ತದೆ. ಕರ್ನಾಟಕದ ಅತಿ ಹೆಚ್ಚು ಬಿಸಿಲಿನ ಪ್ರದೇಶಗಳಲ್ಲಿ ಒಂದಾದ ರಾಯಚೂರು ಜಿಲ್ಲೆಯಲ್ಲಿ ಮಣ್ಣಿನ ಮಾಳಿಗೆ, ನೀರಿನ ಗಡಿಗೆ, ಫ್ಯಾನ್ ಮತ್ತು ಏರ್ ಕೂಲರ್‌ಗಳ ಸಾಲಿಗೆ ಹವಾನಿಯಂತ್ರಕವೂ ಸೇರಿದೆ. ಆಸ್ಪತ್ರೆಗಳಂಥ ಕಡೆ ಅದು ಅನಿವಾರ್ಯ. ಮನೆಗಳಲ್ಲಿ ಅದರ ಬಳಕೆ ಆದಾಯ, ವಿದ್ಯುತ್ ಪೂರೈಕೆ ಹಾಗೂ ಮನೆಯ ರಚನೆಯನ್ನು ಅವಲಂಬಿಸಿದೆ.

ಹವಾಮಾನದ ಹಿನ್ನೆಲೆ

ರಾಯಚೂರು ಜಿಲ್ಲೆಯು ಉತ್ತರದ ಕೃಷ್ಣಾ ಮತ್ತು ದಕ್ಷಿಣದ ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶ. ದೇವದುರ್ಗ ತಾಲ್ಲೂಕು ಕೃಷ್ಣೆಯ ಕಡೆಗೂ ಮಾನ್ವಿ ತಾಲ್ಲೂಕು ತುಂಗಭದ್ರೆಯ ಕಡೆಗೂ ಇವೆ. ಎರಡು ದೊಡ್ಡ ನದಿಗಳಿದ್ದರೂ ಇದು ಮಳೆ ಕಡಿಮೆ ಬೀಳುವ ಒಣ ಬಯಲುಸೀಮೆ. ಮರಗಳು ವಿರಳವಾದ ಎರೆಭೂಮಿ ಮತ್ತು ಕಲ್ಲುಬಂಡೆಗಳ ಗುಡ್ಡಗಳು ಹಗಲಿನಲ್ಲಿ ಬೇಗನೆ ಕಾಯುತ್ತವೆ.

ಮಾರ್ಚ್ ತಿಂಗಳಿನಿಂದ ಬಿಸಿಲು ಏರತೊಡಗಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಗರಿಷ್ಠ ತಾಪಮಾನ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಹಲವು ದಿನ ಅದನ್ನು ಮೀರುತ್ತದೆ. 1928ರ ಮೇ 23ರಂದು ರಾಯಚೂರಿನಲ್ಲಿ 45.6 ಡಿಗ್ರಿ ದಾಖಲಾಗಿದ್ದು, ಇದು ರಾಜ್ಯದಲ್ಲಿ ದಾಖಲಾಗಿರುವ ಅತಿ ಹೆಚ್ಚಿನ ತಾಪಮಾನಗಳಲ್ಲಿ ಒಂದು. ಭಾರತೀಯ ಹವಾಮಾನ ಇಲಾಖೆಯ ಮಾನದಂಡದ ಪ್ರಕಾರ, ಬಯಲುಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚಾದರೆ ಅದನ್ನು ಉಷ್ಣ ಅಲೆ ಎಂದು ಪರಿಗಣಿಸಲಾಗುತ್ತದೆ. ವಾಡಿಕೆ ಏನೇ ಇದ್ದರೂ 45 ಡಿಗ್ರಿ ಮುಟ್ಟಿದರೆ ಉಷ್ಣ ಅಲೆಯೆಂದೇ ಲೆಕ್ಕ.

ಈ ಬಿಸಿಲನ್ನು ಆಡಳಿತವೂ ಗಣನೆಗೆ ತೆಗೆದುಕೊಳ್ಳುತ್ತ ಬಂದಿದೆ. ಕಲಬುರಗಿ ವಿಭಾಗದ ಜಿಲ್ಲೆಗಳು ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಆದೇಶವನ್ನು ರಾಜ್ಯ ಸರ್ಕಾರ ಹೊರಡಿಸುವುದು ರೂಢಿ. ಉದ್ಯೋಗ ಖಾತ್ರಿ ಯೋಜನೆಯ ಕೂಲಿಕಾರರಿಗೂ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ನೀಡಲಾಗುತ್ತದೆ.

ಮನುಷ್ಯದೇಹ ಮತ್ತು ಉಷ್ಣ

ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಆಹಾರದ ಪಚನ, ಉಸಿರಾಟ ಮತ್ತು ಸ್ನಾಯುಗಳ ಚಲನೆಯಿಂದ ದೇಹದಲ್ಲಿ ಸದಾ ಉಷ್ಣ ಹುಟ್ಟುತ್ತಿರುತ್ತದೆ, ಅದು ಹೊರಹೋಗಲೇಬೇಕು. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿದ್ದಾಗ ಉಷ್ಣವು ತಾನಾಗಿಯೇ ಹೊರಹರಿಯುತ್ತದೆ. ಗಾಳಿಯೇ 40 ಡಿಗ್ರಿ ಇದ್ದಾಗ ಈ ದಾರಿ ಮುಚ್ಚಿಹೋಗಿ, ಉಷ್ಣವು ಹೊರಗಿನಿಂದ ದೇಹದೊಳಕ್ಕೆ ಬರತೊಡಗುತ್ತದೆ. ಆಗ ಉಳಿಯುವ ಮುಖ್ಯ ಉಪಾಯ ಬೆವರು. ಬೆವರು ಆವಿಯಾಗುವಾಗ ಚರ್ಮದಿಂದ ಉಷ್ಣವನ್ನು ಹೀರಿಕೊಂಡು ದೇಹವನ್ನು ತಣಿಸುತ್ತದೆ.

ಒಣಗಾಳಿಯಲ್ಲಿ ಬೆವರು ಬೇಗ ಆರುತ್ತದೆ. ಆದ್ದರಿಂದ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಮೈ ಅಷ್ಟಾಗಿ ಒದ್ದೆಯಾಗದಿದ್ದರೂ ದೇಹವು ಬಹಳಷ್ಟು ನೀರನ್ನು ಕಳೆದುಕೊಳ್ಳುತ್ತಿರುತ್ತದೆ. ಕುಡಿದ ನೀರು ಸಾಲದಾದಾಗ ಬೆವರು ತಗ್ಗಿ, ದೇಹದ ಉಷ್ಣತೆ ಏರುತ್ತದೆ. ಅದು 40 ಡಿಗ್ರಿ ಮೀರಿ ಪ್ರಜ್ಞೆ ತಪ್ಪುವ ಸ್ಥಿತಿಯೇ ಉಷ್ಣಾಘಾತ. ಜನ ಇದನ್ನು ‘ಝಳ ಬಡಿಯುವುದು’ ಎನ್ನುತ್ತಾರೆ. ಇದು ತುರ್ತು ಚಿಕಿತ್ಸೆ ಬೇಕಾದ, ಪ್ರಾಣಾಪಾಯದ ಸ್ಥಿತಿ. ಮುದುಕರು, ಹಸುಗೂಸುಗಳು, ಗರ್ಭಿಣಿಯರು, ಹೃದಯ ಮತ್ತು ಮೂತ್ರಪಿಂಡದ ರೋಗಿಗಳು ಹಾಗೂ ಬಿಸಿಲಿನಲ್ಲಿ ದುಡಿಯುವವರು ಇದಕ್ಕೆ ಬೇಗ ತುತ್ತಾಗುತ್ತಾರೆ.

ಫ್ಯಾನ್ ಗಾಳಿಯನ್ನು ತಂಪಾಗಿಸುವುದಿಲ್ಲ. ಗಾಳಿಯನ್ನು ಚಲಿಸುವಂತೆ ಮಾಡಿ ಬೆವರು ಬೇಗ ಆರಲು ನೆರವಾಗುತ್ತದೆ, ಅಷ್ಟೆ. ಗಾಳಿಯ ಉಷ್ಣತೆ 40 ಡಿಗ್ರಿ ಮೀರಿದಾಗ ಫ್ಯಾನ್ ದೇಹವನ್ನು ಇನ್ನಷ್ಟು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ರಾಯಚೂರಿನಂಥ ಊರಿನಲ್ಲಿ ಫ್ಯಾನಿಗಿಂತ ಮುಂದಿನ ಉಪಾಯ ಬೇಕಾಗುವುದು ಇದೇ ಕಾರಣಕ್ಕೆ.

ಸಾಂಪ್ರದಾಯಿಕ ವಿಧಾನಗಳು

ಈ ಭಾಗದ ಹಳೆಯ ಮನೆಗಳು ದಪ್ಪನೆಯ ಕಲ್ಲು–ಮಣ್ಣಿನ ಗೋಡೆಗಳನ್ನೂ ಮರದ ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯನ್ನೂ ಹೊಂದಿದ್ದವು. ದಪ್ಪ ಮಣ್ಣಿನ ಪದರ ನಿಧಾನವಾಗಿ ಕಾಯುತ್ತದೆ; ಮಧ್ಯಾಹ್ನದ ಬಿಸಿ ಒಳಭಾಗಕ್ಕೆ ತಲುಪುವ ಹೊತ್ತಿಗೆ ಸಂಜೆಯಾಗಿರುತ್ತದೆ. ಕಿಟಕಿಗಳು ಚಿಕ್ಕವು; ಮಾಳಿಗೆಯ ಬೆಳಕಿಂಡಿಯ ಮೂಲಕ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ರಾತ್ರಿ ಜನರು ಅಂಗಳದಲ್ಲಿ ಅಥವಾ ಮಾಳಿಗೆಯ ಮೇಲೆ ಮಲಗುತ್ತಿದ್ದರು.

ಕುಡಿಯುವ ನೀರಿಗೆ ಮಣ್ಣಿನ ಗಡಿಗೆ ಮತ್ತು ಹರವಿಗಳನ್ನು ಬಳಸುವುದು ಇಂದಿಗೂ ಇದೆ. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಹೀಗೆ ಆವಿಯಾಗಲು ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದಲೇ ಪಡೆಯುವುದರಿಂದ ಆ ನೀರು ತಣ್ಣಗಾಗುತ್ತದೆ. ದ್ರವವು ಆವಿಯಾಗುವಾಗ ಹೀರಿಕೊಳ್ಳುವ ಈ ಉಷ್ಣಕ್ಕೆ ಆವೀಕರಣದ ಗುಪ್ತೋಷ್ಣ ಎಂದು ಹೆಸರು. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಉಷ್ಣ ಬೇಕು. ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಟ್ಟಿ, ಏರ್ ಕೂಲರ್ ಮತ್ತು ಹವಾನಿಯಂತ್ರಕ ಮೂರರಲ್ಲೂ ಕೆಲಸ ಮಾಡುವುದು ಇದೇ ತತ್ತ್ವ.

ಏರ್ ಕೂಲರ್

ಏರ್ ಕೂಲರಿನಲ್ಲಿ ಹುಲ್ಲು, ಮರದ ಎಳೆ ಅಥವಾ ಜೇನುಗೂಡಿನಂಥ ಕಾಗದದ ಹಲಗೆಗಳ ಮೇಲೆ ನೀರು ಹರಿಯುತ್ತದೆ. ಫ್ಯಾನ್ ಹೊರಗಿನ ಒಣಗಾಳಿಯನ್ನು ಅವುಗಳ ಮೂಲಕ ಒಳಗೆಳೆಯುತ್ತದೆ. ನೀರು ಆವಿಯಾಗುತ್ತ ಗಾಳಿ ತಂಪಾಗುತ್ತದೆ, ಜೊತೆಗೆ ತೇವವೂ ಆಗುತ್ತದೆ. ಹೀಗೆ ಗಾಳಿ ಎಷ್ಟರಮಟ್ಟಿಗೆ ತಂಪಾಗಬಲ್ಲದು ಎಂಬ ಮಿತಿಯನ್ನು ಆರ್ದ್ರ ಬಲ್ಬ್ ತಾಪಮಾನ ತಿಳಿಸುತ್ತದೆ. ಉಷ್ಣತಾಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಲ್ಲಿಟ್ಟಾಗ ಅದು ತೋರಿಸುವ ಅಂಕಿಯೇ ಇದು.

ಉದಾಹರಣೆಗೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಉಷ್ಣತೆ 42 ಡಿಗ್ರಿ ಮತ್ತು ಸಾಪೇಕ್ಷ ಆರ್ದ್ರತೆ ಶೇ. 20 ಇದೆ ಎಂದುಕೊಳ್ಳೋಣ. ಆಗ ಆರ್ದ್ರ ಬಲ್ಬ್ ತಾಪಮಾನ ಸುಮಾರು 24 ಡಿಗ್ರಿ. ಈ 18 ಡಿಗ್ರಿ ಅಂತರದಲ್ಲಿ ಶೇ. 80ರಷ್ಟನ್ನು ಇಳಿಸಬಲ್ಲ ಕೂಲರ್ ಸುಮಾರು 28 ಡಿಗ್ರಿಯ ಗಾಳಿಯನ್ನು ಕೊಡುತ್ತದೆ. ಮಳೆಗಾಲದಲ್ಲಿ ಉಷ್ಣತೆ 34 ಡಿಗ್ರಿ, ಆರ್ದ್ರತೆ ಶೇ. 70 ಇದ್ದರೆ ಆರ್ದ್ರ ಬಲ್ಬ್ ತಾಪಮಾನ ಸುಮಾರು 29 ಡಿಗ್ರಿ. ಅದೇ ಕೂಲರ್ ಆಗ ನಾಲ್ಕು ಡಿಗ್ರಿಯಷ್ಟೂ ಇಳಿಸಲಾರದು. ಕೋಣೆಯಲ್ಲಿ ತೇವವನ್ನು ಮಾತ್ರ ಹೆಚ್ಚಿಸುತ್ತದೆ. ಕರಾವಳಿಯಲ್ಲಿ ನಿರುಪಯುಕ್ತವೆನಿಸುವ ಕೂಲರ್ ರಾಯಚೂರು, ದೇವದುರ್ಗ ಮತ್ತು ಮಾನ್ವಿಗಳ ಒಣಬೇಸಿಗೆಗೆ ಹೊಂದಿಕೊಳ್ಳುವುದಕ್ಕೂ, ಮುಂಗಾರಿನ ಸೆಕೆಯಲ್ಲಿ ಅದೇ ಕೂಲರ್ ಕೈಕೊಡುವುದಕ್ಕೂ ಇದೇ ಕಾರಣ.

ಕೂಲರಿಗೆ ನೀರು ಬೇಕೇಬೇಕು. ಬಿರುಬೇಸಿಗೆಯಲ್ಲಿ 40 ಲೀಟರಿನ ತೊಟ್ಟಿ ಕೆಲವೇ ಗಂಟೆಗಳಲ್ಲಿ ಬರಿದಾಗುತ್ತದೆ. ಕುಡಿಯುವ ನೀರಿಗೇ ತತ್ವಾರವಿರುವ ಕಡೆ ಇದು ಸಣ್ಣ ಸಂಗತಿಯಲ್ಲ. ಕೊಳವೆಬಾವಿಯ ಗಡಸುನೀರಿನಿಂದ ಹಲಗೆಗಳ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ಒಣಗಿಸದಿದ್ದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ.

ಹವಾನಿಯಂತ್ರಕ ಕೆಲಸ ಮಾಡುವ ಬಗೆ

ಗಡಿಗೆಯಲ್ಲಿ ಆವಿಯಾದ ನೀರು ಗಾಳಿಯಲ್ಲಿ ಸೇರಿಹೋಗುತ್ತದೆ. ಹವಾನಿಯಂತ್ರಕದಲ್ಲಿ ನೀರಿನ ಬದಲು ಶೀತಕವೆಂಬ ವಿಶೇಷ ದ್ರವವಿದ್ದು, ಅದು ಮುಚ್ಚಿದ ಕೊಳವೆಗಳಲ್ಲಿ ಆವಿಯಾಗುತ್ತ, ಮತ್ತೆ ದ್ರವವಾಗುತ್ತ ಸುತ್ತುತ್ತಿರುತ್ತದೆ. ಶೀತಕಗಳು ಬಹಳ ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತವೆ. ಈಗ ಹೆಚ್ಚು ಬಳಕೆಯಲ್ಲಿರುವ ಆರ್-32 ಎಂಬ ಶೀತಕದ ಕುದಿಬಿಂದು ವಾತಾವರಣದ ಒತ್ತಡದಲ್ಲಿ ಸುಮಾರು ಮೈನಸ್ 52 ಡಿಗ್ರಿ. ಒತ್ತಡ ಹೆಚ್ಚಿಸಿದರೆ ಕುದಿಬಿಂದು ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಯಂತ್ರದ ಚಕ್ರವೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ. ಚಕ್ರದ ಹಂತಗಳು ನಾಲ್ಕು:

1. ಆವೀಕರಣ: ಕೋಣೆಯೊಳಗಿನ ಘಟಕದ ಸುರುಳಿ ಕೊಳವೆಯಲ್ಲಿ ಕಡಿಮೆ ಒತ್ತಡದ ದ್ರವ ಶೀತಕ ಹರಿಯುತ್ತದೆ. ಕೋಣೆಯ ಗಾಳಿಯಿಂದ ಉಷ್ಣವನ್ನು ಹೀರಿ ಅದು ಅನಿಲವಾಗುತ್ತದೆ. ಉಷ್ಣ ಕಳೆದುಕೊಂಡ ಗಾಳಿ ತಂಪಾಗಿ ಕೋಣೆಗೆ ಮರಳುತ್ತದೆ.
2. ಸಂಪೀಡನ: ಹೊರಗಿನ ಘಟಕದಲ್ಲಿರುವ ಕಂಪ್ರೆಸರ್ ಈ ಅನಿಲವನ್ನು ಒತ್ತಿ ಕುಗ್ಗಿಸುತ್ತದೆ. ಒತ್ತಡದೊಂದಿಗೆ ಅದರ ಉಷ್ಣತೆಯೂ ಏರಿ, ಹೊರಗಿನ ಗಾಳಿಗಿಂತ ಹೆಚ್ಚು ಬಿಸಿಯಾಗುತ್ತದೆ. ವಿದ್ಯುತ್ತಿನ ಬಹುಪಾಲು ಖರ್ಚಾಗುವುದು ಇಲ್ಲಿಯೇ.
3. ಸಾಂದ್ರೀಕರಣ: ಬಿಸಿ ಅನಿಲವು ಹೊರಗಿನ ಘಟಕದ ಸುರುಳಿಯಲ್ಲಿ ಹರಿಯುವಾಗ ಫ್ಯಾನ್ ಅದರ ಮೇಲೆ ಗಾಳಿ ಹಾಯಿಸುತ್ತದೆ. ಉಷ್ಣವು ಬಯಲಿಗೆ ಹೋಗಿ ಅನಿಲ ಮತ್ತೆ ದ್ರವವಾಗುತ್ತದೆ.
4. ವಿಸ್ತರಣೆ: ಹೆಚ್ಚಿನ ಒತ್ತಡದ ದ್ರವವು ಕಿರಿದಾದ ಕೊಳವೆ ಅಥವಾ ಕವಾಟದ ಮೂಲಕ ಹಾಯ್ದಾಗ ಒತ್ತಡ ಥಟ್ಟನೆ ಇಳಿದು ಬಹಳ ತಣ್ಣಗಾಗುತ್ತದೆ. ಅದು ಒಳಘಟಕಕ್ಕೆ ಮರಳಿ ಚಕ್ರ ಮುಂದುವರಿಯುತ್ತದೆ.

ಹೊರಗೆ 42 ಡಿಗ್ರಿ ಇದ್ದಾಗಲೂ ಒಳಗಿನ ಉಷ್ಣವನ್ನು ಅಲ್ಲಿಗೆ ಸಾಗಿಸಲು ಸಾಧ್ಯವಾಗುವುದು ಎರಡನೆಯ ಹಂತದಿಂದ. ನೀರನ್ನು ತಗ್ಗಿನಿಂದ ಎತ್ತರಕ್ಕೆ ಏರಿಸುವ ಪಂಪಿನಂತೆ ಕಂಪ್ರೆಸರ್ ಉಷ್ಣವನ್ನು ಏರಿಸುತ್ತದೆ. ಏರಿಸಬೇಕಾದ ಎತ್ತರ ಹೆಚ್ಚಿದಷ್ಟೂ ಶ್ರಮ ಹೆಚ್ಚು. ಹವಾನಿಯಂತ್ರಕದ ಸಾಮರ್ಥ್ಯವನ್ನು ಹೊರಗಿನ ಉಷ್ಣತೆ 35 ಡಿಗ್ರಿ ಇರುವ ಸ್ಥಿತಿಯಲ್ಲಿ ಅಳೆದು ನಮೂದಿಸಲಾಗುತ್ತದೆ. ಆದ್ದರಿಂದ ರಾಯಚೂರಿನ ಕಡುಬೇಸಿಗೆಯ ಮಧ್ಯಾಹ್ನ ಯಂತ್ರವು ನಮೂದಿತ ಪ್ರಮಾಣಕ್ಕಿಂತ ಕಡಿಮೆ ತಂಪು ನೀಡಿ, ಹೆಚ್ಚು ವಿದ್ಯುತ್ ಬಳಸುವುದು ಸಹಜ.

ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವವು ಹನಿಗಟ್ಟಿ ಕೊಳವೆಯ ಮೂಲಕ ಹೊರಗೆ ತೊಟ್ಟಿಕ್ಕುತ್ತದೆ. ಹೀಗಾಗಿ ಕೂಲರ್ ತೇವವನ್ನು ಹೆಚ್ಚಿಸಿದರೆ ಹವಾನಿಯಂತ್ರಕ ತಗ್ಗಿಸುತ್ತದೆ. ಕೂಲರಿಗೆ ಕಿಟಕಿ ತೆರೆದಿರಬೇಕು, ಹವಾನಿಯಂತ್ರಕಕ್ಕೆ ಮುಚ್ಚಿರಬೇಕು ಎಂಬ ವ್ಯತ್ಯಾಸವೂ ಇಲ್ಲಿಂದಲೇ ಬಂದದ್ದು. ಎರಡನ್ನೂ ಒಟ್ಟಿಗೆ ಬಳಸುವುದರಿಂದ ಪ್ರಯೋಜನವಿಲ್ಲ.

ಹವಾನಿಯಂತ್ರಕದ ಸಾಮರ್ಥ್ಯವನ್ನು ಟನ್‌ಗಳಲ್ಲಿ ಹೇಳುವುದು ರೂಢಿ. ಇದು ಯಂತ್ರದ ತೂಕವಲ್ಲ. ಒಂದು ಅಮೆರಿಕನ್ ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಉಷ್ಣದ ದರಕ್ಕೆ ಒಂದು ಟನ್ ಎನ್ನುತ್ತಾರೆ. ಅದು ಸುಮಾರು 3.5 ಕಿಲೋವ್ಯಾಟ್‌ಗೆ ಸಮ. ಇನ್ವರ್ಟರ್ ಮಾದರಿಗಳಲ್ಲಿ ಕಂಪ್ರೆಸರಿನ ವೇಗ ಅಗತ್ಯಕ್ಕೆ ತಕ್ಕಂತೆ ಏರಿಳಿಯುವುದರಿಂದ ವಿದ್ಯುತ್ ಉಳಿಯುತ್ತದೆ. ಬ್ಯಾಟರಿಯಿಂದ ನಡೆಯುವ ಮನೆಯ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ.

ಇತಿಹಾಸ

ದ್ರವವನ್ನು ಆವಿಯಾಗಿಸಿ ಕೃತಕವಾಗಿ ತಂಪು ಪಡೆಯುವ ಪ್ರಯೋಗವನ್ನು ಸ್ಕಾಟ್ಲೆಂಡಿನ ವಿಲಿಯಂ ಕಲೆನ್ 18ನೆಯ ಶತಮಾನದ ಮಧ್ಯಭಾಗದಲ್ಲಿ ತೋರಿಸಿದರು. ಆವಿ ಸಂಪೀಡನ ಚಕ್ರದ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಪೇಟೆಂಟ್ ಪಡೆದರು. ಅಮೆರಿಕದ ಫ್ಲಾರಿಡಾದ ವೈದ್ಯ ಜಾನ್ ಗೋರಿ ಜ್ವರಪೀಡಿತರ ಕೋಣೆಗಳನ್ನು ತಂಪಾಗಿಡಲು ಮಂಜುಗಡ್ಡೆ ಬಳಸುತ್ತಿದ್ದರು. ಅದನ್ನು ತಯಾರಿಸುವ ಯಂತ್ರಕ್ಕೆ 1851ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು.

ಆಧುನಿಕ ಹವಾನಿಯಂತ್ರಣದ ಆರಂಭವನ್ನು 1902ಕ್ಕೆ ಗುರುತಿಸಲಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವಾಂಶದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂಡುತ್ತಿರಲಿಲ್ಲ. ಇದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ವ್ಯವಸ್ಥೆಯೊಂದನ್ನು ರೂಪಿಸಿದರು. ‘ಏರ್ ಕಂಡೀಷನಿಂಗ್’ ಎಂಬ ಹೆಸರನ್ನು 1906ರಲ್ಲಿ ಬಳಕೆಗೆ ತಂದವರು ಹತ್ತಿಗಿರಣಿಗಳ ತೇವಾಂಶದ ಬಗ್ಗೆ ಕೆಲಸ ಮಾಡುತ್ತಿದ್ದ ಸ್ಟೂವರ್ಟ್ ಕ್ರೇಮರ್. ಹೀಗೆ ಕಾಗದ ಮತ್ತು ನೂಲಿನ ರಕ್ಷಣೆಗೆ ಹುಟ್ಟಿದ ವಿದ್ಯೆ ಮನುಷ್ಯರ ಸುಖಕ್ಕೆ ಬಳಕೆಯಾದದ್ದು ನಂತರದ ದಶಕಗಳಲ್ಲಿ.

ಅವಲಂಬನೆಯ ಕಾರಣಗಳು

ಹವಾನಿಯಂತ್ರಣವನ್ನು ಐಷಾರಾಮವೆಂದು ಕಾಣುವುದು ಈಚಿನವರೆಗೂ ಸಾಮಾನ್ಯವಾಗಿತ್ತು. ಆದರೆ ಹಲವು ಕಡೆ ಅದಿಲ್ಲದೆ ಕೆಲಸವೇ ನಡೆಯದು. ರಾಯಚೂರು ನಗರವು 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್, ಇರುವ ಚಿಕಿತ್ಸಾ ಕೇಂದ್ರ. ಯಾವುದೇ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕ ಮತ್ತು ಸ್ಕ್ಯಾನಿಂಗ್ ಯಂತ್ರಗಳ ಕೋಣೆಗಳಿಗೆ ನಿಯಂತ್ರಿತ ಉಷ್ಣತೆ ಅಗತ್ಯ. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಇದಕ್ಕೆ ಬಳಸುವ ಶೀತಪೆಟ್ಟಿಗೆಗಳೂ ಸಾಮಾನ್ಯವಾಗಿ ಮೇಲೆ ವಿವರಿಸಿದ ಚಕ್ರದಿಂದಲೇ ನಡೆಯುತ್ತವೆ. ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಿಗೂ ಗ್ರಾಮಗಳ ಆರೋಗ್ಯ ಕೇಂದ್ರಗಳಿಗೂ ಇದು ಅನ್ವಯಿಸುತ್ತದೆ. ಬ್ಯಾಂಕುಗಳ ಎ.ಟಿ.ಎಂ. ಮತ್ತು ಗಣಕಯಂತ್ರಗಳ ಕೊಠಡಿಗಳಲ್ಲಿ ಯಂತ್ರಗಳ ಸುರಕ್ಷೆಗಾಗಿ ತಂಪು ಬೇಕು.

ಮನೆಗಳಲ್ಲಿ ಬೇಡಿಕೆ ಹೆಚ್ಚಲು ಕಟ್ಟಡಗಳ ಬದಲಾವಣೆಯೂ ಕಾರಣ. ಮಣ್ಣಿನ ಮಾಳಿಗೆಗೆ ಆಗಾಗ ಮಣ್ಣು ಹಾಕಬೇಕು, ಮಳೆಗೆ ಸೋರುತ್ತದೆ. ಹಾಗಾಗಿ ಜನ ಕಾಂಕ್ರೀಟ್ ಛಾವಣಿ ಅಥವಾ ತಗಡಿನ ಹೊದಿಕೆಗೆ ಬದಲಾದರು. ತಗಡು ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ. ತೆಳುವಾದ ಕಾಂಕ್ರೀಟ್ ಹಗಲೆಲ್ಲ ಕಾದು, ರಾತ್ರಿ ಆ ಉಷ್ಣವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಹೊರಗೆ ಗಾಳಿ ತಣಿದ ಮೇಲೂ ಒಳಗೆ ಧಗೆ ಉಳಿಯುವುದು ಇದರಿಂದ. ಒತ್ತೊತ್ತಾದ ಬಡಾವಣೆಗಳಲ್ಲಿ ಅಂಗಳ ಇಲ್ಲವಾಗಿ ಹೊರಗೆ ಮಲಗುವ ರೂಢಿಯೂ ಕಡಿಮೆಯಾಗಿದೆ. ರಾತ್ರಿಯ ನಿದ್ದೆಯಲ್ಲೇ ದೇಹವು ಹಗಲಿನ ಬಳಲಿಕೆಯಿಂದ ಚೇತರಿಸಿಕೊಳ್ಳುವುದರಿಂದ ಬಿಸಿರಾತ್ರಿಗಳು ಆರೋಗ್ಯಕ್ಕೆ ವಿಶೇಷವಾಗಿ ಹಾನಿಕರ.

ಅವಶ್ಯಕತೆ ಇರುವ ಎಲ್ಲರಿಗೂ ಈ ಸೌಲಭ್ಯ ಎಟುಕುವುದಿಲ್ಲ. ಹೊಲದಲ್ಲಿ, ಕಟ್ಟಡ ಕಾಮಗಾರಿಯಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರು ಹಗಲಿನ ಬಿಸಿಲನ್ನೂ ರಾತ್ರಿ ತಗಡಿನ ಮನೆಯ ಧಗೆಯನ್ನೂ ಅನುಭವಿಸುತ್ತಾರೆ. ಅವರಿಗೆ ನೆರಳು, ಕುಡಿಯುವ ನೀರು ಮತ್ತು ಕೆಲಸದ ವೇಳೆಯ ಬದಲಾವಣೆಯೇ ಮುಖ್ಯ ರಕ್ಷಣೆ.

ವಿದ್ಯುತ್ ಮತ್ತು ವೆಚ್ಚ

ರಾಜ್ಯಕ್ಕೆ ವಿದ್ಯುತ್ ನೀಡುವ ದೊಡ್ಡ ಕೇಂದ್ರಗಳಲ್ಲಿ ಎರಡು ಇದೇ ಜಿಲ್ಲೆಯಲ್ಲಿವೆ. ಕೃಷ್ಣಾ ನದಿಯ ದಂಡೆಯ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. 210 ಮೆಗಾವ್ಯಾಟ್‌ನ ಏಳು ಹಾಗೂ 250 ಮೆಗಾವ್ಯಾಟ್‌ನ ಒಂದು ಘಟಕ ಸೇರಿ ಅದರ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ರಾಯಚೂರು ನಗರದ ಸಮೀಪದ ಯರಮರಸ್ ಕೇಂದ್ರದಲ್ಲಿ ತಲಾ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಇಲ್ಲಿ ಉತ್ಪಾದನೆಯಾದ ವಿದ್ಯುತ್ ರಾಜ್ಯದ ಜಾಲವನ್ನು ಸೇರುತ್ತದೆ. ಜಿಲ್ಲೆಯಲ್ಲಿ ಅದನ್ನು ಹಂಚುವುದು ಕಲಬುರಗಿ ಕೇಂದ್ರವಾಗಿರುವ ಜೆಸ್ಕಾಂ.

ಎಂಟು ಗಂಟೆ ಬಳಸಿದಾಗ ತಗಲುವ ವಿದ್ಯುತ್ತಿನ ಅಂದಾಜು ಹೀಗಿದೆ:

- 75 ವ್ಯಾಟ್‌ನ ಸೀಲಿಂಗ್ ಫ್ಯಾನ್: 0.6 ಯೂನಿಟ್
- 200 ವ್ಯಾಟ್‌ನ ಏರ್ ಕೂಲರ್: 1.6 ಯೂನಿಟ್
- ಒಂದೂವರೆ ಟನ್ ಹವಾನಿಯಂತ್ರಕ, 1.5 ಕಿಲೋವ್ಯಾಟ್‌ನಂತೆ ಎಡೆಬಿಡದೆ ನಡೆದರೆ: 12 ಯೂನಿಟ್

ಕೋಣೆ ತಣಿದ ಮೇಲೆ ಕಂಪ್ರೆಸರ್ ನಿಧಾನವಾಗುವುದರಿಂದ ಅಥವಾ ನಿಲ್ಲುವುದರಿಂದ ವಾಸ್ತವ ಬಳಕೆ ಇದಕ್ಕಿಂತ ಕಡಿಮೆಯಿರುತ್ತದೆ. ಆದರೂ ತಿಂಗಳಿಡೀ ಬಳಸಿದರೆ ಮೊತ್ತ ದೊಡ್ಡದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡಲಾಗುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಹವಾನಿಯಂತ್ರಕ ಕೊಳ್ಳುವ ಮಧ್ಯಮವರ್ಗದ ಮನೆಗೆ ಈ ಲೆಕ್ಕ ಮುಖ್ಯವಾಗುತ್ತದೆ.

ಪರಿಸರದ ಮೇಲಿನ ಪರಿಣಾಮ

ಒಂದೂವರೆ ಟನ್ ಯಂತ್ರವು ಕೋಣೆಯಿಂದ ಸುಮಾರು 5.3 ಕಿಲೋವ್ಯಾಟ್ ದರದಲ್ಲಿ ಉಷ್ಣವನ್ನು ತೆಗೆಯುತ್ತದೆ. ಅದು ಬಳಸುವ 1.5 ಕಿಲೋವ್ಯಾಟ್ ವಿದ್ಯುತ್ತೂ ಕೊನೆಗೆ ಉಷ್ಣವೇ ಆಗುವುದರಿಂದ ಹೊರಗೆ ಬೀಳುವುದು ಸುಮಾರು 6.8 ಕಿಲೋವ್ಯಾಟ್. ಹೀಗೆ ಒಂದು ಮನೆ ತಣಿದಾಗ ಅದರ ಓಣಿ ಇನ್ನಷ್ಟು ಕಾಯುತ್ತದೆ. ಹೊರಘಟಕದ ಬಿಸಿಗಾಳಿ ಪಕ್ಕದ ಮನೆಯ ಕಿಟಕಿಗೆ ಬಡಿಯದಂತೆ ಅಳವಡಿಸುವುದು ಅಗತ್ಯ. ಕಲ್ಲಿದ್ದಲಿನಿಂದ ವಿದ್ಯುತ್ ಉತ್ಪಾದಿಸುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ತಾಪ ಹೆಚ್ಚಿದಷ್ಟೂ ಹವಾನಿಯಂತ್ರಣದ ಬೇಡಿಕೆ ಏರುತ್ತದೆ.

ಶೀತಕಗಳದೂ ಒಂದು ಸಮಸ್ಯೆ. ಹಿಂದೆ ಬಳಕೆಯಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಓಝೋನ್ ಪದರಕ್ಕೆ ಹಾನಿ ಮಾಡುತ್ತವೆಂದು ತಿಳಿದು 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಅವುಗಳ ನಿಯಂತ್ರಣ ಆರಂಭವಾಯಿತು. ಅವುಗಳ ಬದಲಿಗೆ ಬಂದ ಹಲವು ಶೀತಕಗಳು ಪ್ರಬಲ ಹಸಿರುಮನೆ ಅನಿಲಗಳು. ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ ಆರ್-410ಎ ಎಂಬುದರ ತಾಪವರ್ಧಕ ಪ್ರಭಾವ 2,000 ಪಟ್ಟಿಗೂ ಹೆಚ್ಚು; ಆರ್-32ರದು ಸುಮಾರು 675 ಪಟ್ಟು. ಇವುಗಳನ್ನು ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿ ಅಂಗೀಕಾರವಾಯಿತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ದುರಸ್ತಿಯ ಸಮಯದಲ್ಲಿ ಹಳೆಯ ಅನಿಲವನ್ನು ಬಯಲಿಗೆ ಬಿಡದೆ ಸಿಲಿಂಡರಿನಲ್ಲಿ ಹಿಡಿದಿಡುವುದು ಸರಿಯಾದ ಕ್ರಮ.

ಮಿತವ್ಯಯದ ಬಳಕೆ

ಇಂಧನ ದಕ್ಷತಾ ಮಂಡಳಿಯ ನಿಯಮದಂತೆ 2020ರ ಜನವರಿ 1ರಿಂದ ನಕ್ಷತ್ರ ಗುರುತಿನ ಕೋಣೆ ಹವಾನಿಯಂತ್ರಕಗಳು ಚಾಲೂ ಆದಾಗ 24 ಡಿಗ್ರಿಯಲ್ಲಿ ಆರಂಭವಾಗಬೇಕು. ಉಷ್ಣತೆಯನ್ನು ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಮಂಡಳಿ ಅಂದಾಜಿಸಿದೆ. 18 ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಣಿಯುತ್ತದೆ ಎಂಬ ನಂಬಿಕೆ ಸಾಮಾನ್ಯ ಮಾದರಿಗಳ ಮಟ್ಟಿಗೆ ತಪ್ಪು. ಯಂತ್ರ ಅದೇ ವೇಗದಲ್ಲಿ, ಹೆಚ್ಚು ಹೊತ್ತು ಓಡುತ್ತದೆ, ಅಷ್ಟೆ. 26–27 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಬಳಸಿದರೆ ಕಡಿಮೆ ಖರ್ಚಿನಲ್ಲಿ ಅಷ್ಟೇ ಹಿತವಾಗಿರುತ್ತದೆ. ದೂಳು ಹೆಚ್ಚಿರುವ ಈ ಭಾಗದಲ್ಲಿ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸೋಸುಜಾಲರಿಯನ್ನು ತೊಳೆಯುವುದು ಒಳ್ಳೆಯದು.

ಯಂತ್ರಕ್ಕಿಂತ ಮೊದಲು ಗಮನಿಸಬೇಕಾದದ್ದು ಛಾವಣಿ. ಛಾವಣಿಗೆ ಸುಣ್ಣ ಅಥವಾ ಬಿಳಿಯ ಪ್ರತಿಫಲನ ಬಣ್ಣ ಬಳಿದರೆ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿದರೆ, ಮನೆಯ ಮುಂದೆ ಒಂದು ಬೇವಿನ ಮರ ಬೆಳೆಸಿದರೆ ಒಳಬರುವ ಉಷ್ಣವೇ ಕಡಿಮೆಯಾಗುತ್ತದೆ. ಒಣಬೇಸಿಗೆಯಲ್ಲಿ ಕೂಲರ್, ತೇವದ ದಿನಗಳಲ್ಲಿ ಮತ್ತು ರೋಗಿಗಳಿರುವ ಮನೆಯಲ್ಲಿ ಹವಾನಿಯಂತ್ರಕ ಎಂಬ ವಿಭಜನೆ ಈ ಜಿಲ್ಲೆಯ ಹವಾಮಾನಕ್ಕೆ ಹೊಂದುತ್ತದೆ. ಹವಾನಿಯಂತ್ರಕ ಇಲ್ಲದ ಮನೆಯಲ್ಲಿ ಯಾರಿಗಾದರೂ ಝಳ ಬಡಿದರೆ ಅವರನ್ನು ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರಿಗೆ ಬಾಯಿಯ ಮೂಲಕ ನೀರು ಕುಡಿಸಬಾರದು. ಒದ್ದೆ ಮೈಗೆ ಬೀಸುವ ಗಾಳಿಯೂ ಗಡಿಗೆಯ ತತ್ತ್ವದಂತೆಯೇ ಉಷ್ಣವನ್ನು ಹೊರಕ್ಕೆ ಒಯ್ಯುತ್ತದೆ.